ಹಂಡೆಯ ಮೇಲೆ ನೆಪ್ಚೂನ್

ನಲವತ್ತೈದು ವರ್ಷಗಳಿಂದ ಎಲ್ಲರೂ ಸೇರಿಕೊಂಡು ತನ್ನಿಂದ ಒಂದು ಗ್ರಹವನ್ನು ಬಚ್ಚಿಟ್ಟಿದ್ದಾರೆ ಎಂಬುದು ಬಸವೇಶನಿಗೆ ಗೊತ್ತಾದದ್ದು ಹೊಳಲ್ಕೆರೆಯಲ್ಲಿ, ನಾಗರಾಜಪ್ಪ ಮೇಷ್ಟ್ರ ಪಡಸಾಲೆಯಲ್ಲಿ, ಅವರ ಮನೆಯ ಚಹಾ ಅರ್ಧ ಲೋಟ ಇಳಿದ ಹೊತ್ತಿನಲ್ಲಿ. ಗ್ರಹಗಳು ಒಂಬತ್ತು ಎಂದು ಅವ್ವ ಹೇಳಿದ್ದಳು, ಪಂಚಾಂಗ ಹೇಳಿತ್ತು, ಮದುವೆಗೆ ಜಾತಕ ನೋಡಿದವರು ಬೆರಳು ಮಡಚಿ ಮಡಚಿ ಹೇಳಿದ್ದರು. ಶಾಲೆಯಲ್ಲಿ ನೆಪ್ಚೂನ್ ಎಂಬ ಹೆಸರು ಕಿವಿಗೆ ಬಿದ್ದದ್ದೇನೋ ನಿಜ. ಆದರೆ ಅಲ್ಲಿ ಅದು ಒಂದು ಅಂಕದ ಪ್ರಶ್ನೆ. (ಆ ಒಂದು ಅಂಕವೂ ಅವನಿಗೆ ಬಂದಿರಲಿಲ್ಲ.) ಅದು ತನ್ನ ಬಾಳಿನೊಳಗೆ ಕೈಹಾಕಿ ಕೂತಿದೆ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಬಾರದಿತ್ತೇ?

ಬಸವೇಶ ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಪಾತ್ರೆ ಅಂಗಡಿ ಇಟ್ಟವನು. ಅಂಗಡಿಯ ಬೋರ್ಡಿನಲ್ಲಿ ಅವನ ಹೆಸರಿರುತ್ತದೆ, ಅಂಗಡಿಯೊಳಗೆ ಅವನ ಹೆಂಡತಿ ಭಾಗ್ಯ ಇರುತ್ತಾಳೆ. ಅವನೂ ಇರುತ್ತಾನೆ, ಇಲ್ಲವೆನ್ನುವಂತಿಲ್ಲ. ಕೊಡಪಾನಗಳ ಸಾಲಿನ ಹಿಂದೆ ಗೋಣಿಚೀಲದ ಮೇಲೆ ಮಧ್ಯಾಹ್ನದ ಹೊತ್ತು ಇಣುಕಿದರೆ ಸಿಗುತ್ತಾನೆ. ಅಂಗಡಿಯಲ್ಲಿ ಅವನು ಮನಸ್ಸಿಟ್ಟು ಮಾಡುವ ಕೆಲಸ ಒಂದೇ, ಪಾತ್ರೆಗಳ ಮೇಲೆ ಹೆಸರು ಹಾಕುವುದು. ಗುರ್ರೆನ್ನುವ ಸಣ್ಣ ಮಿಷನ್ನನ್ನು ಪೆನ್ನಿನಂತೆ ಹಿಡಿದು, ಕೊಟ್ಟವರ ಹೆಸರನ್ನು ಲೋಹದ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಾನೆ. ಉಳಿದಂತೆ ಹಾಲು ತರಲು ಹೋದರೆ ಹಾಲು ಬಿಟ್ಟು ಬೇರೆಲ್ಲ ಸುದ್ದಿ ತರುತ್ತಾನೆ. ಗಿರಾಕಿ ಬಂದು ಎದುರು ನಿಂತರೆ ಅವರ ತಲೆಯ ಮೇಲಿಂದ ರಸ್ತೆ ನೋಡುತ್ತಾನೆ. "ಇವನಿಗೆ ಯಾಕೆ ಅಂಗಡಿ ಮೇಲೆ ಮನಸ್ಸು ನಿಲ್ಲವಲ್ದು, ಕೇಳ್ಕಂಡು ಬಾ ಹೋಗು" ಎಂದು ಅವನ ತಾಯಿ ಮರುಳಸಿದ್ದಮ್ಮನೇ ಗಂಡಹೆಂಡಿರಿಬ್ಬರ ಜಾತಕವನ್ನೂ ಚೀಲಕ್ಕೆ ಹಾಕಿ ಅವನನ್ನು ಹೊಳಲ್ಕೆರೆ ಬಸ್ಸು ಹತ್ತಿಸಿದ್ದಳು.

ನಾಗರಾಜಪ್ಪ ಮೇಷ್ಟ್ರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಭೂಮಿಯ ಕೆಲಸ ಮುಗಿದ ಮೇಲೆ ಆಕಾಶಕ್ಕೆ ಏರಿ ಜಾತಕ ನೋಡುತ್ತಿದ್ದರು. ಅವರು ಕವಡೆ ಹಾಕುವುದಿಲ್ಲ, ಲ್ಯಾಪ್‌ಟಾಪ್ ತೆರೆಯುತ್ತಾರೆ.

"ನೋಡಪ್ಪ ಬಸವೇಶ, ಇದು ನಮ್ಮ ಹಳೇ ಲೆಕ್ಕದಾಗೆ ಬರಲ್ಲ. ಹಳಬ್ರ ಕಣ್ಣಿಗೆ ಇದು ಕಂಡಿರ್ಲಿಲ್ಲ. ಈಗಿನೋರು ಸೇರಿಸ್ಕಂಡು ನೋಡ್ತಾರೆ. ನೆಪ್ಚೂನ್ ಅಂತ. ನಿನ್ನ ಹನ್ನೆರಡನೇ ಮನೇಲಿ ಕುಂತೈತೆ."

"ಕುಂತ್ಕಂಡು ಏನು ಮಾಡ್ತೈತೆ ಮೇಷ್ಟ್ರೇ?"

"ಕನಸು ಕಾಣಿಸ್ತೈತೆ. ಕವಿಗಳು, ಹಾಡೋರು, ಚಿತ್ರ ಬರೆಯೋರು, ಇವ್ರಿಗೆಲ್ಲ ಇದ್ರದ್ದೇ ಪ್ರೇರಣೆ ಅಂತಾರೆ. ಇನ್ನೊಂದು ಮಗ್ಗುಲೂ ಐತೆ. ಇದ್ದ ಜಾಗದಿಂದ ತಪ್ಪಿಸ್ಕಂಡು ಹೋಗಾ ಬುದ್ಧಿ. ಎದುರಿಗೆ ಇದ್ದಿದ್ದು ಕಾಣಲ್ಲ, ಇಲ್ದಿದ್ದು ಕಾಣ್ತೈತೆ."

ಬಸವೇಶ ನೆಟ್ಟಗೆ ಕೂತ. ಎದುರಿಗೆ ನಿಂತ ಗಿರಾಕಿ, ಉಕ್ಕಿ ಹೋದ ಹಾಲು, ಭಾಗ್ಯ ಹೇಳಿದ್ದ ಮೂರು ಸಾಮಾನಿನಲ್ಲಿ ಮರೆತು ಬಂದ ಎರಡು, ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. ಊರೆಲ್ಲ ಯಾವುದನ್ನು ಸೋಮಾರಿತನ ಎಂದು ಕರೆಯುತ್ತಿತ್ತೋ ಅದಕ್ಕೆ ಆಕಾಶದಲ್ಲಿ ಒಂದು ವಿಳಾಸ ಇತ್ತು!

"ಎಷ್ಟು ದೂರ ಐತೆ ಮೇಷ್ಟ್ರೇ ಅದು?"

"ಸೂರ್ಯನಿಂದ ಹೊರಟ ಬೆಳಕು ಅದನ್ನ ಮುಟ್ಟಾಕೆ ನಾಲ್ಕು ಗಂಟೆ ಬೇಕು. ಸೂರ್ಯನ್ನ ಒಂದು ಸುತ್ತು ಬರಾಕೆ ಅದಕ್ಕೆ ನೂರ ಅರವತ್ತೈದು ವರ್ಷ. ಬರಿಗಣ್ಣಿಗೆ ಕಾಣಲ್ಲ. ಇಂಥ ಜಾಗದಾಗೆ ಒಂದು ಗ್ರಹ ಇರಲೇಬೇಕು ಅಂತ ಮೊದ್ಲು ಲೆಕ್ಕ ಹಾಕಿ, ಆಮೇಲೆ ದುರ್ಬೀನು ತಿರುಗಿಸಿ ನೋಡಿದ್ರು. ಅಲ್ಲೇ ಇತ್ತು. ನೀಲಿ ಬಣ್ಣ."

ಮೇಷ್ಟ್ರು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದರು. ಕಪ್ಪನೆಯ ಕತ್ತಲೆಯಲ್ಲಿ ಒಂದು ನೀಲಿ ಗುಂಡು. ಸುತ್ತಮುತ್ತ ಯಾರೂ ಇಲ್ಲ, ಸದ್ದಿಲ್ಲ, ಅವಸರವಿಲ್ಲ. ಬಸವೇಶ ಲೋಟ ಕೆಳಗಿಟ್ಟ. ಅಷ್ಟು ದೂರದ, ಅಷ್ಟು ದೊಡ್ಡ, ಅಷ್ಟು ಚೆಂದದ ವಸ್ತುವೊಂದು ಹೊಸದುರ್ಗದ ಪಾತ್ರೆ ಅಂಗಡಿಯವನೊಬ್ಬನ ಜಾತಕದಲ್ಲಿ ಬಂದು ಕೂತಿದೆಯಲ್ಲ ಎಂದು ಅವನು ಪರದೆಗೆ ಕೈಮುಗಿದ. ನಿಜವಾಗಿಯೂ ಮುಗಿದ; ನಗಬೇಡಿ.

"ಇನ್ನೂ ಐತೆ ಕೇಳಪ್ಪ, ಹನ್ನೆರಡನೇ ಮನೆ ಅಂದ್ರೆ..." ಎಂದು ಮೇಷ್ಟ್ರು ಶುರುಮಾಡುವಷ್ಟರಲ್ಲಿ ಹೊಸದುರ್ಗದ ಬಸ್ಸು ಹಾರ್ನ್ ಹೊಡೆಯಿತು. ಬಸವೇಶ ಅವರ ಕಾಲಿಗೆ ಬಿದ್ದು ಬಸ್ಸಿಗೆ ಓಡಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಘೋಷಿಸಿದ.

"ಭಾಗ್ಯ, ನಾನು ಸೋಮಾರಿ ಅಲ್ಲ ಕಣೆ. ಕಲಾವಿದ."

ಭಾಗ್ಯ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಹಂಗಂತ ಯಾರು ಹೇಳಿದ್ರು?"

"ನೆಪ್ಚೂನ್."

"ಅವರಿಗೇನು ಗೊತ್ತು ನಮ್ಮನೆ ವಿಷ್ಯ? ಒಂದಿನ ಬಂದು ಇದ್ದು ನೋಡಾಕೆ ಹೇಳ್ರಿ."

ಬಸವೇಶ ದೊಡ್ಡ ಮನಸ್ಸು ಮಾಡಿ, ಹೊಸಿಲ ಮೇಲೆ ನಿಂತುಕೊಂಡೇ ಅತ್ತೆಸೊಸೆಯರಿಬ್ಬರಿಗೂ ಎಲ್ಲವನ್ನೂ ವಿವರಿಸಿದ. ನೀಲಿ ಬಣ್ಣ, ಕತ್ತಲೆ, ನೂರ ಅರವತ್ತೈದು ವರ್ಷದ ಒಂದು ಸುತ್ತು. ಮರುಳಸಿದ್ದಮ್ಮ ಕಾಲು ನೀಡಿ ಕೂತು ಕೊನೆಯವರೆಗೂ ಕೇಳಿದಳು.

"ಬೆಳಕಿಗೇ ನಾಲ್ಕು ಗಂಟೆ ದಾರಿ ಅಂತೀಯ. ಅಲ್ಲಿಂದ ನಿನ್ನ ಹುಡಿಕ್ಕೊಂಡು ಬಂತಾ ಅದು?"

"ಬಂತಲ್ಲವ್ವ! ಅದೇ ಆಶ್ಚರ್ಯ!"

"ಆಶ್ಚರ್ಯನೇ ಬಿಡು. ಎದುರು ಅಂಗಡಿಯಿಂದ ಗಿರಾಕಿ ನಮ್ಮಂಗಡಿಗೆ ಬರಲ್ಲ."

ಇಂಥ ಜನರ ನಡುವೆ ಕಲಾವಿದನೊಬ್ಬ ಬದುಕಬೇಕು. ಆದರೂ ಬಸವೇಶ ಬದುಕಿದ, ಅದೂ ಬಹಳ ಸುಖವಾಗಿ. ಬೆಳಿಗ್ಗೆ ತಡವಾಗಿ ಎದ್ದರೆ ನೆಪ್ಚೂನ್. ಗ್ಯಾಸ್ ಬುಕ್ ಮಾಡುವುದು ಮರೆತರೆ ನೆಪ್ಚೂನ್. ಮೊದಲಾದರೆ ಬೈಸಿಕೊಂಡಾಗ ಮುಖ ಸಣ್ಣದಾಗುತ್ತಿತ್ತು. ಈಗ ಬೈಗುಳದ ನಡುವೆಯೂ ಅವನ ತುಟಿಯ ಮೇಲೆ ಒಂದು ಮಂದಹಾಸ ಇರುತ್ತಿತ್ತು. ದೂರದ ಬಂಧುವಿನ ಬಗ್ಗೆ ಯಾರೋ ತಿಳಿಯದೆ ಮಾತಾಡುತ್ತಿದ್ದಾರೆ ಎಂಬಂತೆ. ಸಂಜೆಯಾದರೆ ಮಾಳಿಗೆ ಹತ್ತಿ ಆಕಾಶ ನೋಡುತ್ತ ನಿಲ್ಲುತ್ತಿದ್ದ. ಭಾಗ್ಯ ಒಂದು ದಿನ ಹಿಂದೆಯೇ ಹತ್ತಿ ಬಂದಳು.

"ಏನು ಕಾಣ್ತೈತ್ರಿ?"

"ಏನೂ ಕಾಣಲ್ಲ. ಅದೇ ಅದರ ದೊಡ್ಡಸ್ತಿಕೆ."

"ಕಾಲಡಿ ಏನಾದ್ರೂ ಕಾಣ್ತೈತಾ? ಒಣಗಾಕಿರೋ ಮೆಣಸಿನಕಾಯಿ ಮೇಲೆ ನಿಂತಿದ್ದೀರಿ."

ಅಂಗಡಿಗೆ ಹೊಸ ಸಾಮಾನಿನ ಲಾರಿ ಬರುವ ದಿನ ಅವನು ರಾಮಗಿರಿಗೆ ಹೋಗಿ ಗುಡ್ಡ ಹತ್ತಿ ಕೂತ. ಕೆಲಸ ತಪ್ಪಿಸಿಕೊಂಡು ಓಡಿಹೋಗುವುದನ್ನು ಕಲಾವಿದರ ಭಾಷೆಯಲ್ಲಿ ಅಂತರಂಗಯಾತ್ರೆ ಎನ್ನುತ್ತಾರೆ ಎಂದು ಅವನು ಆಮೇಲೆ ಭಾಗ್ಯಳಿಗೆ ತಿಳಿಹೇಳಿದ. ಲಾರಿಯಿಂದ ಸಾಮಾನು ಇಳಿಸಿಕೊಂಡು ಸೊಂಟ ಹಿಡಿದುಕೊಂಡು ಕೂತಿದ್ದ ಭಾಗ್ಯ, ಆ ಯಾತ್ರೆಯಲ್ಲಿ ಊಟದ ವ್ಯವಸ್ಥೆ ಇದ್ದರೆ ಅಲ್ಲೇ ಇದ್ದುಬಿಡಬಹುದಿತ್ತಲ್ಲ ಎಂದಳು. ಆದರೆ ಗುಡ್ಡದ ಮೇಲೆ ಬಸವೇಶನಿಗೆ ಒಂದು ಕವಿತೆ ಹುಟ್ಟಿತ್ತು. ಬಾಳಿನ ಮೊದಲ ಕವಿತೆ. ಅದನ್ನು ಎಲ್ಲಿ ಬರೆಯುವುದು ಎಂಬುದೇ ಅವನ ಚಿಂತೆ. ಕಾಗದ ಹರಿಯುತ್ತದೆ, ಮೊಬೈಲು ಕೆಡುತ್ತದೆ.

ಆ ಹೊತ್ತಿಗೆ ಸರಿಯಾಗಿ ರಾಮಗಿರಿಯ ಕಾಟಲಿಂಗಪ್ಪ ಹಂಡೆ ಕೊಳ್ಳಲು ಬಂದ.

ಕಾಟಲಿಂಗಪ್ಪ ಕುರಿ ಹಟ್ಟಿಯ ಯಜಮಾನ, ಎತ್ತರದ ಆಳು, ತಲೆಗೆ ರುಮಾಲು. ಅಕ್ಕನ ಮಗಳು ದೀಪಾಳ ಮದುವೆ, ಸೋದರಮಾವನ ಕಡೆಯಿಂದ ಮುಯ್ಯಿಗೆ ತಾಮ್ರದ ಹಂಡೆ. ಅಂಗಡಿಯಲ್ಲಿದ್ದ ಯಾವ ಹಂಡೆಯೂ ಅವನ ಕಣ್ಣಿಗೆ ಹಿಡಿಸಲಿಲ್ಲ. ಬೇರೆ ಊರಿನಿಂದ ಹೇಳಿ ತರಿಸಿದ ದೊಡ್ಡ ಹಂಡೆ ಬಂದಾಗ ಅದರ ಹೊಟ್ಟೆಯ ಮೇಲೆ ಕೈ ಆಡಿಸಿ, ದನಿ ತಗ್ಗಿಸಿ ಭಾಗ್ಯಳಿಗೆ ಹೇಳಿದ.

"ತಂಗ್ಯವ್ವ, ಹೆಸರು ಮಾತ್ರ ದಪ್ಪಕ್ಕೆ ಹಾಕಿಸ್ಬೇಕು. ಮಂಟಪದ ಆ ಕೊನೆಗೆ ಕುಂತೋರಿಗೂ ಕಾಣ್ಬೇಕು. ಅಕ್ಕ ಮನೆ ಕಟ್ಟಿಸಿದಾಗ ಕೊಡ ಕಳಿಸಿದ್ದೆ. ನನ್ನ ಕರ್ಮ, ಹೆಸರು ಹಾಕಿಸಿರ್ಲಿಲ್ಲ. ಮುಯ್ಯಿ ಓದೋನು ಅದನ್ನ ಬೇರೆ ಯಾರ್ದೋ ಹೆಸರಿಗೆ ಓದಿಬಿಟ್ಟ. ನನ್ನ ತಮ್ಮ ನನ್ನ ಮನೆಗೆ ಒಂದು ಲೋಟನೂ ಕಳಿಸ್ಲಿಲ್ಲ ಅಂತ ಅಕ್ಕ ಕಣ್ಣೀರು ಹಾಕ್ಕೊಂಡ್ಲು. ನಾನೂ ಸಿಟ್ಟಿಗೆ ಏನೋ ಅಂದೆ. ಅವತ್ತಿಂದ ಮಾತಿಲ್ಲ. ಈ ಮದ್ವೇಗೂ ಭಾವ ಬಂದು ಕರೆದ, ಅಕ್ಕ ಬರ್ಲಿಲ್ಲ."

ನಮ್ಮ ಕಡೆಯ ಮದುವೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರೆ ಮುಗಿದ ಮೇಲೆ ಮುಯ್ಯಿಗೆ ಬಂದ ಪಾತ್ರೆಗಳನ್ನು ಸಾಲಾಗಿ ಜೋಡಿಸಿ, ಮೈಕು ಹಿಡಿದವನೊಬ್ಬ ಅವುಗಳ ಮೇಲಿನ ಹೆಸರನ್ನು ಒಂದೊಂದಾಗಿ ಓದುತ್ತಾನೆ. ಓದಿದರೆ ಕೊಟ್ಟಂತೆ. ಹೆಸರಿಲ್ಲದ ಹಂಡೆ ಎಷ್ಟು ದೊಡ್ಡದಾದರೇನು, ಅದು ಯಾರದೂ ಅಲ್ಲ.

ಭಾಗ್ಯಳ ಮನಸ್ಸಿಗೆ ಇದು ತಾಗಿತು. ಮದುವೆಯ ಹಿಂದಿನ ದಿನ ಅವಳು ತವರಿಗೆ ಹೋಗಬೇಕಾಗಿತ್ತು. ಬಸ್ಸು ಹತ್ತುವ ಮೊದಲು ಗಂಡನ ಮುಂದೆ ನಿಂತು, ಮಗುವಿಗೆ ಹೇಳಿದಂತೆ ಹೇಳಿದಳು. "ಹಂಡೆಗೆ ಹೆಸರು ಹಾಕ್ರಿ. ರಾಮಗಿರಿ ಕಾಟಲಿಂಗಪ್ಪ. ದಪ್ಪಕ್ಕೆ. ಬೇರೇನೂ ಯೋಚ್ನೆ ಮಾಡ್ಬ್ಯಾಡ್ರಿ."

ಬಸವೇಶ ಹೆಸರು ಹಾಕಲೆಂದೇ ಕೂತ. ದೇವರಾಣೆ. ಆದರೆ ಬಾಗಿಲಿನಿಂದ ಬಿಸಿಲು ಬಂದು ಹಂಡೆಯ ದುಂಡು ಮೈಮೇಲೆ ಬಿತ್ತು. ಅಷ್ಟು ದೊಡ್ಡ, ಅಷ್ಟು ನುಣುಪಾದ, ಒಂದು ಗೀರೂ ಇಲ್ಲದ ಗುಂಡು. ಅಂಗಡಿಯಲ್ಲಿ ಸದ್ದಿಲ್ಲ, ಹೆಂಡತಿಯಿಲ್ಲ, ಅವಸರವಿಲ್ಲ. ಅವನಿಗೆ ಅದು ಹಂಡೆಯಾಗಿ ಕಾಣಲಿಲ್ಲ. ಮಿಷನ್ ತಂತಾನೇ ಗುರ್ರೆಂದಿತು ಎಂದು ಅವನು ಇವತ್ತಿಗೂ ಹೇಳುತ್ತಾನೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದ ಭಾಗ್ಯ ಸೀದಾ ಅಂಗಡಿಗೆ ಬಂದಳು. ಹಂಡೆಯ ಮುಂದೆ ನಿಂತು ಓದಿದಳು.

ನೀಲ ನೀರವತೆಯ ನಿರಾಕಾರ ನೌಕೆಯೇ,
ನನ್ನೊಳಗಿನ ನಾನಿಲ್ಲದ ನಾನೇ,
ಹನ್ನೆರಡನೆಯ ಮನೆಯ ಹೊಸಿಲಲ್ಲಿ
ಮಂಜಾಗಿ ಮಲಗಿರುವ ಮಹಾಮೌನವೇ!

ಹಂಡೆಯ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಬುಡ ನೋಡಿದಳು.

"ಕಾಟಲಿಂಗಪ್ಪನೋರ ಹೆಸರೆಲ್ಲಿ?"

"ಅದು... ಕವಿತೆಯೊಳಗೆ ಹೆಸರು ಬರಲ್ಲ ಕಣೆ. ಹೆಸರಿನ ಆಚೆಗೆ ಹೋಗೋದೇ ಕವಿತೆ."

"ಅಯ್ಯೋ ನನ್ನ ಗ್ರಹಚಾರವೇ!" ಎಂದು ಭಾಗ್ಯ ಹಣೆ ಹಣೆ ಬಡಿದುಕೊಂಡಳು. "ಅವ್ರ ಅಕ್ಕ ತಮ್ಮ ಮಾತು ಬಿಟ್ಟು ಕುಂತವ್ರೆ ಕಣ್ರಿ! ಹೆಸರಿಲ್ಲ ಅಂತಾನೇ ಬಿಟ್ಟಿರೋದು! ಈ ಸಲಾನೂ ಹೆಸರಿಲ್ಲ ಅಂದ್ರೆ ಆ ಮನುಷ್ಯ ಮಂಟಪದಾಗೆ ತಲೆ ಎತ್ತೋದು ಹೆಂಗೆ?"

ಆಗ ಬಸವೇಶ ಹಂಡೆಯ ಕಡೆ ತಿರುಗಿದ. ಮಂಜು ಸರಿಯಿತು. ಎದುರಿಗಿದ್ದದ್ದು ಮೊದಲ ಸಲ ಕಣ್ಣಿಗೆ ಕಂಡಿತು. ಅದೇ ಹೊತ್ತಿಗೆ ಹೊರಗೆ ಲಗೇಜ್ ಗಾಡಿ ಬಂದು ನಿಂತು, ಹೊಸ ರುಮಾಲು ಸುತ್ತಿದ ಕಾಟಲಿಂಗಪ್ಪ ನಗುನಗುತ್ತ ಒಳಗೆ ಬಂದ. ಹಂಡೆ ನೋಡಿದ. ನಗು ನಿಂತಿತು.

"ಏನ್ರಿ ಇದು ನೀಲಿ ನೀಲಿ ಅಂತ? ಹಂಡೆ ತಾಮ್ರದ್ದು, ಕೆಂಪಗೈತೆ."

ಅವನು ಮತ್ತೊಮ್ಮೆ ಓದಿ, ತನ್ನ ಹೆಸರಿಗಾಗಿ ಹುಡುಕಿ, ಇಲ್ಲವೆಂದು ಗೊತ್ತಾಗಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದ. ಅವನು ಕೂಗಾಡಿದ್ದರೆ ಬಸವೇಶನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ.

"ಅಳಿಸಿಬಿಡ್ತೀನ್ರಿ" ಎಂದ ಬಸವೇಶ. ತಾಮ್ರದ ಮೇಲಿನ ಗೀರು ಅಳಿಸುವ ರಬ್ಬರನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಅಳತೆಯ ಹಂಡೆ ಊರಿನಲ್ಲಿ ಇನ್ನೊಂದಿರಲಿಲ್ಲ. "ಹಂಗಾದ್ರೆ ಈ ಕೊರಳಿನ ಕೆಳಗೆ ಜಾಗ ಐತೆ, ಇಲ್ಲಿ ನಿಮ್ಮ ಹೆಸರು ಹಾಕ್ತೀನಿ."

"ಹಾಕಿದ್ರೆ ಈ ಹುಚ್ಚನ್ನೆಲ್ಲ ಬರೆದೋನು ನಾನೇ ಅಂತಾರಲ್ರಿ!"

ಅದೂ ನಿಜವೇ.

ಭಾಗ್ಯ ಸೆರಗು ಸಿಕ್ಕಿಸಿದಳು. "ಅಣ್ಣಾರೆ, ಎದೆಗುಂದಬ್ಯಾಡ್ರಿ. ಅಕ್ಕಾರ ಹೆಸರೇನು?"

"ಕಮಲಮ್ಮ."

ಭಾಗ್ಯ ಹಂಡೆಯ ಮೇಲೆ ಒಂದು ಕೈಯಿಟ್ಟು ಕಣ್ಣು ಅರ್ಧ ಮುಚ್ಚಿದಳು. ತುಟಿ ಅಲುಗಿತು. ರಸ್ತೆಯಲ್ಲಿ ಒಂದು ಬಸ್ಸು ಹೋಗಿ, ಅದರ ಧೂಳು ಇಳಿಯುವಷ್ಟು ಹೊತ್ತು ಆಗಿರಬಹುದು. ಆಮೇಲೆ ಗಂಡನ ಕಡೆ ತಿರುಗಿ, "ಮಿಷನ್ ಹಿಡೀರಿ. ನಾನು ಹೇಳಿದ್ದಷ್ಟನ್ನೇ ಬರೀರಿ" ಎಂದಳು. ಬಸವೇಶ ಹಿಡಿದ. ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನು ಒಮ್ಮೆ ಮಿಷನ್ ಎತ್ತಿ ಹೆಂಡತಿಯ ಮುಖ ನೋಡಿದ. ಬರೆದು ಮುಗಿದ ಮೇಲೆ ಕಾಟಲಿಂಗಪ್ಪ ಎದ್ದು ಬಂದು ಓದಿ, ರುಮಾಲು ಸುತ್ತಿಕೊಂಡ.

"ಇಬ್ರೂ ಗಾಡಿ ಹತ್ರಿ. ಹೋಗಾಣ. ಅಲ್ಲಿ ಯಾರಾದ್ರೂ ನಕ್ರೆ ನನ್ನ ಜತೆ ನೀವೂ ನಗಿಸ್ಕಬೇಕು."

ಹೊಳಲ್ಕೆರೆಯ ಕಲ್ಯಾಣಮಂಟಪ ತುಂಬಿತ್ತು. ಧಾರೆ ಮುಗಿದು ಮುಯ್ಯಿ ಓದುವ ಹೊತ್ತಿಗೆ ಬಸವೇಶ ಕಂಬವೊಂದರ ಹಿಂದೆ ಜಾಗ ನೋಡಿಕೊಂಡಿದ್ದ. ಮೈಕಿನವನು ಲೋಟ, ತಟ್ಟೆ, ಕುಕ್ಕರುಗಳನ್ನು ದಾಟಿ ಹಂಡೆಗೆ ಬಂದ. ದೊಡ್ಡ ಅಕ್ಷರ ಮೊದಲು ಕಣ್ಣಿಗೆ ಬಿದ್ದಿರಬೇಕು. "ನೀಲ ನೀರವತೆಯ ನಿರಾಕಾರ ನೌಕೆಯೇ..." ಎಂದು ಶುರುಮಾಡಿ, ಎರಡನೆಯ ಸಾಲಿಗೆ ತಡವರಿಸಿ, ಮೂರನೆಯದಕ್ಕೆ ಬೆವೆತ. ಮಂಟಪ ಬೆಕ್ಕಸ ಬೆರಗಾಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಮಂತ್ರವೆಂದು ತಿಳಿದು ಕೈಮುಗಿದಳು. ಕಾಟಲಿಂಗಪ್ಪ ನೆಲ ನೋಡುತ್ತ ನಿಂತಿದ್ದ.

"ಮ್ಯಾಲಿಂದು ಓದ್ರಿ!" ಎಂದು ಹೆಂಗಸರ ನಡುವಿನಿಂದ ಭಾಗ್ಯ ಕೂಗಿದಳು.

ಮೈಕಿನವನು ಬಗ್ಗಿ ಓದಿದ.

"ಆರಿದ ನೀರಿಗೆ ಉರಿಯೊಂದು ಬೇಕು,
ಮುನಿದ ಅಕ್ಕನಿಗೆ ತಮ್ಮನ ದನಿಯೊಂದು ಸಾಕು;
ದೀಪಾಳ ಮದುವೆಗೆ ಹಂಡೆ ಹೊತ್ತು ಬಂದೋನು
ಕಮಲಮ್ಮನ ತಮ್ಮ, ರಾಮಗಿರಿ ಕಾಟಲಿಂಗಪ್ಪ ನಾನು."

ಹಿಂದಿನ ಸಾಲಿನಿಂದ ಯಾರೋ "ಇನ್ನೊಂದ್ಸಲ ಓದ್ಲಾ ಅದನ್ನ!" ಎಂದು ಕೂಗಿದರು. ಅವನು ಓದಿದ. ಈ ಸಲ ಓದುವಾಗ ಅವನ ದನಿಯೇ ಬೇರೆಯಾಗಿತ್ತು. ಅಡುಗೆಯ ಕಡೆಯಿಂದ ಕಮಲಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಜನ ದಾರಿ ಬಿಟ್ಟರು. ಅವಳು ಹಂಡೆಯ ಕಂಠ ಹಿಡಿದುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸಿದಳು. ತಮ್ಮನ ಮುಖ ನೋಡಿದಳು.

"ಊಟ ಮಾಡಿದ್ಯೇನ್ಲಾ?"

"ಇಲ್ಲಕ್ಕ" ಎಂದ ಕಾಟಲಿಂಗಪ್ಪ. ಅಷ್ಟೆತ್ತರದ ಮನುಷ್ಯ ಸಣ್ಣ ಹುಡುಗನ ಹಾಗೆ ಬಿಕ್ಕಿದ.

ಕಂಬದ ಹಿಂದೆ ಬಸವೇಶ ಬಾಯಿ ತೆರೆದುಕೊಂಡು ನಿಂತಿದ್ದ. ಅವನು ಕಣ್ಣಿಗೆ ಕಾಣದ ಗ್ರಹವೊಂದಕ್ಕೆ ಬೆರಗಾಗಿದ್ದವನು. ಇಪ್ಪತ್ತು ವರ್ಷದಿಂದ ಒಂದೇ ಸೂರಿನ ಕೆಳಗೆ ಇದ್ದವಳ ಕಡೆ ಈಗ ಅದೇ ಬೆರಗಿನಿಂದ ನೋಡಿದ. ನಾಲ್ಕು ಸಾಲು! ಅದರೊಳಗೆ ಅಕ್ಕ, ತಮ್ಮ, ಮದುಮಗಳು, ಊರು, ಹಂಡೆ, ಮುನಿಸು, ಎಲ್ಲ ಹಿಡಿಸಿದ್ದವು. ಅವನ ನಾಲ್ಕು ಸಾಲಿನಲ್ಲಿ ಅವನೊಬ್ಬನಿಗೇ ಮಲಗಲು ಜಾಗ ಸಾಲದಾಗಿತ್ತು.

ಊಟದ ಪಂಕ್ತಿಗೆ ಕೂತಾಗ ಪಕ್ಕದ ಎಲೆಗೆ ನಾಗರಾಜಪ್ಪ ಮೇಷ್ಟ್ರೇ ಬಂದರು. ಅವರೂ ಮದುವೆಗೆ ಬಂದಿದ್ದರು. ಬಸವೇಶ ಎಲ್ಲವನ್ನೂ ಹೇಳಿಕೊಂಡು, "ಮೇಷ್ಟ್ರೇ, ನೆಪ್ಚೂನ್ ಇರೋದು ನನ್ನ ಜಾತಕದಾಗೆ, ಕವಿತೆ ಬಂದಿದ್ದು ಅವಳಿಗೆ. ಇದೆಂಗೆ?" ಎಂದ.

"ಅದು ಒಂದು ರಾಶಿಗೆ ಬಂದ್ರೆ ಹೆಚ್ಚುಕಡಿಮೆ ಹದ್ನಾಲ್ಕು ವರ್ಷ ಕದಲಲ್ಲ ಕಣಪ್ಪ. ನಿನ್ನ ಓರಗೆಯೋರಿಗೆ ಎಲ್ರಿಗೂ ಅದೇ ರಾಶಿಯಾಗೆ ಐತೆ. ನಿನ್ನ ಹೆಂಡ್ತಿಗೂ. ಬೇರೆಬೇರೆ ಆಗೋದು ಮನೆ ಮಾತ್ರ. ಅವ್ಳಿಗೆ ಎರಡನೇ ಮನೆ, ವಾಕ್‌ಸ್ಥಾನ. ಮಾತು ಹುಟ್ಟೋ ಜಾಗ."

"ನನಗೆ?"

"ಹನ್ನೆರಡು. ಶಯನಸ್ಥಾನ. ಅವತ್ತೇ ಹೇಳಾಕೆ ಹೋದೆ, ನೀನು ಬಸ್ಸಿಗೆ ಓಡಿದೆ." ಮೇಷ್ಟ್ರು ಪಾಯಸಕ್ಕೆ ಕೈ ಹಾಕಿದರು. "ನಿದ್ದೆ ಚೆನ್ನಾಗಿ ಬರ್ತೈತೆ ತಾನೇ?"

ಬಸವೇಶ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಕೈ ತೊಳೆದು ಬಂದು ಭಾಗ್ಯಳನ್ನು ಹುಡುಕಿದ. ಹೆಂಗಸರ ಗುಂಪಿನ ನಡುವೆ ಕೂತಿದ್ದಳು.

"ಲೇ ಭಾಗ್ಯ, ಇಷ್ಟು ದಿನ ಎಲ್ಲಿಟ್ಕಂಡಿದ್ದೆ ಇದನ್ನೆಲ್ಲ?"

"ಇಟ್ಕಳಾದೆಲ್ಲಿ ಬಂತು? ಪಾತ್ರೆ ತಿಕ್ಕುವಾಗ ಬರ್ತಾವೆ. ಹಾಡ್ಕಂತೀನಿ. ನಲ್ಲಿ ನಿಲ್ಲಿಸಿದ ಮೇಲೆ ಹೋಗ್ತಾವೆ." ಅವಳು ಸ್ವಲ್ಪ ನಾಚಿದಳು. "ಅಷ್ಟೊತ್ತು ನಾನು ನಮ್ಮ ಹಿತ್ತಲಾಗೆ ಇರಲ್ಲ ಬಿಡ್ರಿ. ಎಲ್ಲೋ ಹೋಗಿರ್ತೀನಿ. ನೀವು ಮಲಗಿರ್ತೀರಲ್ಲ, ಗೊತ್ತಾಗಲ್ಲ."

ಅವಳೂ ಹೋಗುತ್ತಿದ್ದಳು! ಕೈಯಲ್ಲಿ ಬೂದಿ, ಮುಂದೆ ರಾಶಿ ಪಾತ್ರೆ, ಒಂದು ಹೆಜ್ಜೆಯೂ ಕದಲದೆ ಅವನ ರಾಮಗಿರಿ ಗುಡ್ಡಕ್ಕಿಂತ ದೂರ ಹೋಗಿ, ಪಾತ್ರೆಯನ್ನೂ ಬೆಳಗಿಟ್ಟು ಬರುತ್ತಿದ್ದಳು. ಅವನು ಅವಳ ಪಕ್ಕದ ಕಂಬಕ್ಕೆ ಒರಗಿ ನಿಂತ.

ಅಷ್ಟರಲ್ಲಿ ಹೆಂಗಸರು ಗದ್ದಲ ಎಬ್ಬಿಸಿದರು. ಗಂಡನ ಹೆಸರು ಹೇಳಬೇಕು, ಬರೀ ಹೆಸರಲ್ಲ, ಒಡಪು ಕಟ್ಟಿ ಅದರೊಳಗೆ ಹೇಳಬೇಕು. ಮದುಮಗಳಿಗೆ ಮೀಸಲಾದ ಆಟ ಇದು. ಆದರೆ ಇವತ್ತು ಭಾಗ್ಯಳನ್ನು ಯಾರೂ ಬಿಡಲಿಲ್ಲ. ಮೈಕು ಅವಳ ಕೈಗೆ ಬಂತು. ಅವಳು ಗಂಡನ ಕಡೆ ಒಮ್ಮೆ ನೋಡಿ, ನಗು ನುಂಗಿಕೊಂಡು ಶುರುಮಾಡಿದಳು.

"ಒಂಬತ್ತು ಗ್ರಹ ಸುತ್ತಿ ಬಂದೆ ದೇವಸ್ಥಾನದಾಗೆ,
ಹತ್ತನೇದು ಮಲಗೈತೆ ನಮ್ಮ ನಡುಮನೆಯಾಗೆ;
ಸೂರ್ಯನ್ನ ಸುತ್ತಲ್ಲ, ಹಾಲು ತರಾಕೂ ಏಳಲ್ಲ,
ಆದ್ರೂ ಬಸವೇಶ್ ಇಲ್ದಿದ್ರೆ ನನ್ನ ಆಕಾಶ ತುಂಬಲ್ಲ!"

ಕಲ್ಯಾಣಮಂಟಪದ ಸೂರು ಹಾರಿಹೋಗುವಂತೆ ನಗು ಎದ್ದಿತು. ನಾಗರಾಜಪ್ಪ ಮೇಷ್ಟ್ರು ಕಣ್ಣೀರು ಒರೆಸಿಕೊಂಡರು. ಕಮಲಮ್ಮ ತಮ್ಮನ ಭುಜ ಹಿಡಿದುಕೊಂಡು ನಕ್ಕಳು. ಬಸವೇಶನ ಮುಖ ತಾಮ್ರದ ಬಣ್ಣಕ್ಕೆ ತಿರುಗಿತು. ಆದರೆ ಕೊನೆಯ ಸಾಲು ಅವನ ಎದೆಯಲ್ಲಿ ಎಲ್ಲಿಗೋ ಇಳಿದು ಕೂತಿತ್ತು, ಏಳುವ ಲಕ್ಷಣ ಇರಲಿಲ್ಲ.

"ಈಗ ಯಜಮಾನ್ರು ಹೇಳ್ಬೇಕು! ಹೆಂಡ್ತಿ ಹೆಸರು! ಒಡಪಿನಾಗೆ!"

ಮೈಕು ಅವನ ಕೈಗೆ ಬಂತು. ಅವನು ಕವಿ. ಹಂಡೆಯ ಮೇಲೆ ನಿರಾಕಾರ ನೌಕೆ ಬಿಟ್ಟವನು. ಬಸವೇಶ ಗಂಟಲು ಸರಿಮಾಡಿಕೊಂಡ. ಮೇಲೆ ನೋಡಿದ, ಫ್ಯಾನು ತಿರುಗುತ್ತಿತ್ತು. ಕೆಳಗೆ ನೋಡಿದ. ಎದುರಿಗೆ ಭಾಗ್ಯ ನಿಂತಿದ್ದಳು, ಕುತ್ತಿಗೆಗೆ ಬೆವರು ಅಂಟಿಕೊಂಡು, ಬಸ್ಸಿನ ಧೂಳು ಹಿಡಿದ ಸೀರೆಯಲ್ಲಿ, ಕಣ್ಣು ಹೊಳೆಯುತ್ತ. ಅವನು ಅವಳನ್ನೇ ನೋಡಿದ. ನೀರವತೆ, ನೀಲಿ, ಮಂಜು, ಮೌನ, ಯಾವುದೂ ಕೈಗೆ ಸಿಗಲಿಲ್ಲ. ಮಂಟಪವೆಲ್ಲ ಕಾಯುತ್ತಿತ್ತು.

"ಭಾಗ್ಯ" ಎಂದ.

"ಮುಂದೆ ಹೇಳ್ರಿ!"

"ಮುಂದೆ ಏನೂ ಇಲ್ರಿ. ಅಷ್ಟೇ."

ಮಂತ್ರವೆಂದು ಕೈಮುಗಿದಿದ್ದ ಮುಂದಿನ ಸಾಲಿನ ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವಳಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಪಾಪ, ಬಿಟ್ಬಿಡ್ರೇ ಅವನ್ನ. ಆಯಮ್ಮನ ಅಂಗಡಿಯಾಗೆ ಹೆಸರು ಹಾಕಾ ಆಳು ಇರ್ಬೇಕು. ಅವನಿಗೆ ಪದ ಎಲ್ಲಿಂದ ಬರ್ಬೇಕು?"

"ಹೌದು ಕಣಜ್ಜಿ" ಎಂದ ಬಸವೇಶ, ಮೈಕಿನಲ್ಲೇ.